ಪ್ರಜೆಯಿಂದ ಮತದಾರನವರೆಗೆ: ಜಮಖಂಡಿ–ಮುಧೋಳ ಸೀಮೆಯಲ್ಲಿ ಪಕ್ಷಾತೀತ ಮತದಾರ ಜಾಗೃತಿ

ಚುನಾವಣೆಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಗೆದ್ದವರ ಹಾಗೂ ಸೋತವರ ಹೆಸರುಗಳಿಂದ ಆರಂಭಿಸುತ್ತಾರೆ. ಮತ ಹಾಕಿದವರ ಹೆಸರುಗಳಿಂದ ಆರಂಭಿಸುವವರು ವಿರಳ. ಆದರೆ ಅಭ್ಯರ್ಥಿಯು ನಾಮಪತ್ರವನ್ನು ಸಲ್ಲಿಸುವುದಕ್ಕಿಂತ ಮುಂಚೆಯೇ ಮತದಾರರ ಯಾದಿಯು ಸಿದ್ಧವಾಗಿರಬೇಕು. ಆ ಯಾದಿಯಲ್ಲಿ ಹೆಸರಿಲ್ಲದವನಿಗೆ ಮುಂದಿನ ಎಲ್ಲ ವ್ಯವಹಾರವೂ ಹೊರಗಿನದೇ. ಆದುದರಿಂದ ಮತದಾನದ ಇತಿಹಾಸವೆಂದರೆ ಮೊದಲು ಯಾದಿಯ ಇತಿಹಾಸ, ಅನಂತರ ಪೆಟ್ಟಿಗೆಯ ಇತಿಹಾಸ. ಈ ದೃಷ್ಟಿಯಿಂದ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ–ಬನಹಟ್ಟಿ ತಾಲೂಕುಗಳ ಸೀಮೆಯನ್ನು ನೋಡುವುದು, ಹಾಗೂ ಯಾವ ಪಕ್ಷಕ್ಕೂ ಸೇರದ ಊರಿನ ಸಂಘಟನೆಯು ಮತದಾನಕ್ಕೆ ಯಾವ ಬಗೆಯಲ್ಲಿ ನೆರವಾಗಬಲ್ಲದೆಂಬುದನ್ನು ಆ ಇತಿಹಾಸದಿಂದಲೇ ತಿಳಿಯುವುದು ಈ ಲೇಖನದ ಉದ್ದೇಶ.

೧. ನಾಲ್ಕು ಊರು, ನಾಲ್ಕು ಆಡಳಿತ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಈ ಸೀಮೆಯು ಭಾಷೆ, ಬೆಳೆ, ನಂಟಸ್ತಿಕೆಗಳಿಂದ ಒಂದೇ ಆಗಿದ್ದರೂ ೧೯೪೮ರವರೆಗೆ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ. ದೂರದ ಕುಂದಗೋಳವೂ ಅದೇ ಸಂಸ್ಥಾನದ ಭಾಗವಾಗಿತ್ತು. ಮುಧೋಳದಲ್ಲಿ ಘೋರ್ಪಡೆಯವರ ಆಳಿಕೆ; ಮಹಾಲಿಂಗಪುರ ಅವರ ಕೈಕೆಳಗಿನ ಊರು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ ಬಾಗಲಕೋಟೆ ತಾಲೂಕಿಗೆ ಸೇರಿದ ಒಂದು ಪೇಟಾ. ರಬಕವಿಯು ಸಾಂಗಲಿ ಸಂಸ್ಥಾನದ ತೇರದಾಳ ತಾಲೂಕಿಗೆ ಸೇರಿತ್ತು. ಅದಕ್ಕೆ ತಾಗಿಕೊಂಡೇ ಇರುವ ಬನಹಟ್ಟಿಯು ಜಮಖಂಡಿಯ ಸಂಸ್ಥಾನಿಕರದು. ಇಂದು ಒಂದೇ ನಗರಸಭೆಯಡಿ ಬರುವ ಈ ಎರಡು ನೇಕಾರ ಪಟ್ಟಣಗಳಲ್ಲಿ ಒಂದು ಕಡೆಯ ನೇಕಾರನು ಸಾಂಗಲಿಯ ಪ್ರಜೆ, ಇನ್ನೊಂದು ಕಡೆಯವನು ಜಮಖಂಡಿಯ ಪ್ರಜೆ.

‘ಪ್ರಜೆ’ ಎಂಬ ಶಬ್ದವನ್ನು ಇಲ್ಲಿ ಅದರ ಹಳೆಯ ಅರ್ಥದಲ್ಲಿ ಬಳಸಬೇಕಾಗುತ್ತದೆ. ದೊರೆಯ ಮಕ್ಕಳಂತಿರುವವರು, ಆಳಿಸಿಕೊಳ್ಳುವವರು ಎಂಬುದೇ ಅದರ ಅರ್ಥವಾಗಿತ್ತು. ಪ್ರಜೆಗೆ ಅರ್ಜಿ ಕೊಡಲು ಬರುತ್ತಿತ್ತು. ಒತ್ತಾಯ ಮೀರಿದಾಗ ಬಂಡೇಳಲೂ ಬರುತ್ತಿತ್ತು. ೧೮೫೭ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಎದುರಿಸಿ ನಿಂತ ಹಲಗಲಿಯ ಬೇಡರು ಮುಧೋಳ ಸಂಸ್ಥಾನದವರೇ. ಅರ್ಜಿಗೂ ಬಂಡಾಯಕ್ಕೂ ನಡುವೆ ಇರಬೇಕಾದ ಮೂರನೆಯ ದಾರಿ, ಎಂದರೆ ತನ್ನ ಸರಕಾರವನ್ನು ತಾನೇ ಆರಿಸುವ ದಾರಿ, ಅವರಿಗೆ ತೆರೆದಿರಲಿಲ್ಲ.

ಬೀಳಗಿಯ ಪರಿಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಬ್ರಿಟಿಷ್ ಆಡಳಿತದ ಪ್ರದೇಶವಾದುದರಿಂದ ಅಲ್ಲಿಯ ಕೆಲವರಿಗೆ ಮುಂಬಯಿ ಪ್ರಾಂತದ ಶಾಸನಸಭೆಯ ಚುನಾವಣೆಯಲ್ಲಿ ಮತವಿತ್ತು. ೧೯೨೧ರಲ್ಲಿ ಮುಂಬಯಿಯು ಸ್ತ್ರೀಯರಿಗೂ ಆ ಹಕ್ಕಿನ ಬಾಗಿಲನ್ನು ತೆರೆಯಿತು. ಆದರೆ ಭೂಕಂದಾಯ, ಆಸ್ತಿ, ವಿದ್ಯಾರ್ಹತೆ ಮೊದಲಾದ ನಿರ್ಬಂಧಗಳಿದ್ದುದರಿಂದ ಆ ಬಾಗಿಲಿನಲ್ಲಿ ಹೊಕ್ಕವರು ಕೆಲವರೇ. ೧೯೩೫ರ ಕಾಯಿದೆಯು ಮತದಾರರ ಸಂಖ್ಯೆಯನ್ನು ಬಹಳಷ್ಟು ಹೆಚ್ಚಿಸಿದ ಮೇಲೆ ಸಹ ಬ್ರಿಟಿಷ್ ಭಾರತದ ಎಲ್ಲ ಪ್ರಾಂತಗಳಲ್ಲಿ ಮತದ ಹಕ್ಕು ದೊರೆತುದು ಸುಮಾರು ೩ ಕೋಟಿ ಜನರಿಗೆ. ಕೂಲಿಯವನು, ಗೇಣಿಯ ಒಕ್ಕಲಿಗನು, ಕೈಮಗ್ಗದ ನೇಕಾರನು ಬಹುತೇಕ ಹೊರಗೇ ಉಳಿದರು.

೨. ಪ್ರಜಾ ಪರಿಷತ್ತುಗಳು

ಸಂಸ್ಥಾನಗಳಲ್ಲಿ ಮತದ ಪ್ರಶ್ನೆಯನ್ನು ಎತ್ತಿದವು ಪ್ರಜಾ ಪರಿಷತ್ತುಗಳು. ೧೯೨೭ರಲ್ಲಿ ಅಖಿಲ ಭಾರತ ದೇಶೀ ಸಂಸ್ಥಾನಗಳ ಪ್ರಜಾ ಪರಿಷತ್ತು ಹುಟ್ಟಿದ ಮೇಲೆ ಈ ಕೂಗಿಗೆ ಇಡೀ ದೇಶದ ವೇದಿಕೆಯೊಂದು ದೊರೆಯಿತು. ಇವುಗಳ ಒಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ೧೯೩೮ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು, ಸಂಸ್ಥಾನಗಳೊಳಗಿನ ಹೋರಾಟವನ್ನು ತನ್ನ ಹೆಸರಿನಲ್ಲಿ ನಡೆಸಬಾರದು, ಆಯಾ ಸಂಸ್ಥಾನದ ಜನರು ತಮ್ಮದೇ ಸಂಘಟನೆಗಳ ಮೂಲಕ ನಡೆಸಿಕೊಳ್ಳಬೇಕು ಎಂದು ನಿರ್ಧರಿಸಿತು. ಹೀಗಾಗಿ ಮನಸ್ಸಿನಿಂದ ರಾಷ್ಟ್ರೀಯ ಚಳವಳಿಗೆ ಸೇರಿದವರೂ ಊರಿನಲ್ಲಿ ಊರಿನ ಹೆಸರಿನಿಂದಲೇ ಕೆಲಸ ಮಾಡಬೇಕಾಯಿತು. ಇವು ಇಂದಿನ ಅರ್ಥದಲ್ಲಿ ಪಕ್ಷಾತೀತವಾಗಿದ್ದುವೆಂದು ಹೇಳಲಾಗದು. ಆದರೆ ಇವುಗಳ ಬೇಡಿಕೆ ಇಂಥವರನ್ನು ಆರಿಸಿರಿ ಎಂದಾಗಿರಲಿಲ್ಲ, ಆರಿಸುವ ಹಕ್ಕನ್ನು ಕೊಡಿರಿ ಎಂದಾಗಿತ್ತು. ಈ ಎರಡರ ಅಂತರವೇ ಮುಂದಿನ ವಿವೇಚನೆಗೆಲ್ಲ ಆಧಾರ.

ನೆರೆಯಲ್ಲಿಯೇ ಒಂದು ಪ್ರಯೋಗವೂ ನಡೆದಿತ್ತು. ಔಂಧ ಸಂಸ್ಥಾನದ ರಾಜಧಾನಿಯು ಸಾತಾರೆಯ ಕಡೆಗಿದ್ದರೂ ಅದರ ಗುಣದಾಳ ತಾಲೂಕು ವಿಜಾಪುರದ ಸೀಮೆಯಲ್ಲಿತ್ತು. ೧೯೩೯ರ ಜನವರಿಯಲ್ಲಿ ಔಂಧದ ದೊರೆ ಭವಾನರಾವ್ ಪಂತ ಪ್ರತಿನಿಧಿಯವರು ಗಾಂಧೀಜಿಯವರ ಸಲಹೆಯನ್ನು ಪಡೆದು ತಮ್ಮ ಅಧಿಕಾರವನ್ನು ಜನರಿಗೆ ಒಪ್ಪಿಸುವ ಸ್ವರಾಜ್ಯ ಘಟನೆಯನ್ನು ಜಾರಿಗೆ ತಂದರು. ಗ್ರಾಮಪಂಚಾಯತಿಯನ್ನು ತಳಹದಿಯಾಗಿಟ್ಟುಕೊಂಡು ಮೇಲಿನ ಸಭೆಗಳನ್ನು ರಚಿಸುವುದು ಅದರ ಕ್ರಮ. ಅಕ್ಷರಪ್ರಸಾರವು ಅದರ ಒಂದು ಮುಖ್ಯ ಅಂಗ.

ಜಮಖಂಡಿಯಲ್ಲಿಯೂ ಆಯ್ಕೆಯ ಅಭ್ಯಾಸವು ತೀರ ಇಲ್ಲದಿರಲಿಲ್ಲ. ಸಾವಳಗಿಯ ಬಿ. ಡಿ. ಜತ್ತಿಯವರು ೧೯೪೦ರಲ್ಲಿ ಜಮಖಂಡಿ ನಗರಸಭೆಯ ಸದಸ್ಯರಾಗಿ, ೧೯೪೫ರಲ್ಲಿ ಅದರ ಅಧ್ಯಕ್ಷರಾಗಿ, ಅನಂತರ ಸಂಸ್ಥಾನದ ಶಾಸನಸಭೆಯ ಸದಸ್ಯರಾಗಿ, ಮಂತ್ರಿಯಾಗಿ, ಕೊನೆಗೆ ಮುಖ್ಯಮಂತ್ರಿಯಾಗಿ ಏರಿದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದ ಈ ಮಹನೀಯರ ಸಾರ್ವಜನಿಕ ಜೀವನವು ಊರ ನಗರಸಭೆಯಿಂದ ತೊಡಗಿತೆಂಬುದು ನೆನಪಿಡತಕ್ಕ ಸಂಗತಿ. ಅದೇ ರೀತಿ ಸಹಕಾರಿ ಸಂಘಗಳೂ ಒಂದು ಪಾಠಶಾಲೆಯೇ. ೧೯೦೫ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ತೊಡಗಿದ ಸಹಕಾರಿ ಚಳವಳಿಯು ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮವನ್ನು ಕರ್ನಾಟಕದ ಹಳ್ಳಿಗಳಿಗೆ ಪರಿಚಯಿಸಿತು. ಎಷ್ಟೇ ಷೇರುಗಳಿದ್ದರೂ ಮತ ಒಂದೇ ಎಂಬ ಈ ತತ್ತ್ವವು ಪ್ರೌಢ ಮತದಾನದ ಪೂರ್ವಪೀಠಿಕೆ ಎನ್ನಬಹುದು.

೩. ಏಳು ದಿನಗಳ ಅಂತರ

೧೯೪೮ರ ಮಾರ್ಚ್ ೮ರಂದು ಜಮಖಂಡಿ, ಮುಧೋಳ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ತಿಂಗಳ ೧೫ರಂದು ಸಂವಿಧಾನ ಸಭೆಯ ಕಾರ್ಯಾಲಯವು ಎಲ್ಲ ಪ್ರಾಂತ ಹಾಗೂ ಸಂಸ್ಥಾನಗಳಿಗೆ ಪತ್ರ ಬರೆದು, ಪ್ರೌಢ ಮತದಾನದ ಆಧಾರದಿಂದ ಮತದಾರರ ಕರಡು ಯಾದಿಯನ್ನು ಸಿದ್ಧಪಡಿಸುವ ಸೂಚನೆಯನ್ನಿತ್ತಿತು. ಏಳು ದಿನಗಳ ಹಿಂದೆ ದೊರೆಯ ಪ್ರಜೆಯಾಗಿದ್ದವನು ಏಳು ದಿನಗಳ ಅನಂತರ ಮತದಾರನಾಗಿ ಎಣಿಸಲ್ಪಡತಕ್ಕವನಾದನು. ಸಂವಿಧಾನವು ಅಂಗೀಕೃತವಾದುದು ೧೯೪೯ರ ನವೆಂಬರದಲ್ಲಿ. ಯಾದಿಯ ಕೆಲಸ ಅದಕ್ಕಿಂತ ಮುಂಚೆಯೇ ತೊಡಗಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

೨೧ ವರ್ಷ ತುಂಬಿರುವುದು ಹಾಗೂ ೧೯೪೮ರ ಮಾರ್ಚ್ ೩೧ಕ್ಕೆ ಮುಗಿಯುವ ವರ್ಷದಲ್ಲಿ ೧೮೦ ದಿನಗಳಿಗೆ ಕಡಿಮೆಯಿಲ್ಲದಂತೆ ಒಂದೇ ಕಡೆ ವಾಸವಾಗಿರುವುದು—ಇವು ಮುಖ್ಯ ನಿಯಮಗಳಾಗಿದ್ದುವು. ಎರಡನೆಯ ನಿಯಮವು ದೇಶವಿಭಜನೆಯಿಂದ ನಿರಾಶ್ರಿತರಾದವರಿಗೆ ಕಂಟಕವಾಯಿತು. ಆಗ ಅಸಾಮಿನ ಹಲವು ಊರುಗಳ ನಾಗರಿಕ ಸಂಘಗಳು ದಿಲ್ಲಿಗೆ ಪತ್ರಗಳನ್ನು ಬರೆದು ಆಕ್ಷೇಪವೆತ್ತಿದುವು. ಆ ಊರಿನಲ್ಲಿಯೇ ಕಾಯಂ ಆಗಿ ನೆಲಸುವೆನೆಂಬ ನಿರಾಶ್ರಿತನ ಹೇಳಿಕೆಯ ಮೇಲೆ ಹೆಸರನ್ನು ಸೇರಿಸುವಂತೆ ಅಪ್ಪಣೆಯಾಯಿತು. ಸ್ವತಂತ್ರ ಭಾರತದಲ್ಲಿ ಪಕ್ಷದ ಹಂಗಿಲ್ಲದ ಊರ ಸಂಘಗಳು ಮತದಾರರ ಪರವಾಗಿ ಮಾಡಿದ ಮೊದಲ ಕೆಲಸಗಳಲ್ಲಿ ಇದೊಂದು. ಅವರು ಮತ ಕೇಳಲಿಲ್ಲ, ಹೆಸರು ಬಿಟ್ಟುಹೋಗದಂತೆ ನೋಡಿಕೊಂಡರು.

ಇನ್ನೊಂದು ತೊಡಕು ಸ್ತ್ರೀಯರದು. ಉತ್ತರದ ಕೆಲವು ರಾಜ್ಯಗಳಲ್ಲಿ ಅನೇಕ ಸ್ತ್ರೀಯರು ಅಪರಿಚಿತನೆದುರು ತಮ್ಮ ಹೆಸರನ್ನು ಹೇಳದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಯಿಸಿದರು. ಮುಖ್ಯ ಚುನಾವಣಾಧಿಕಾರಿ ಸುಕುಮಾರ ಸೇನರು ಇಂಥ ನೋಂದಣಿಯನ್ನು ಒಪ್ಪಲಿಲ್ಲ. ಹೆಸರು ಹೇಳದೆ ಉಳಿದ ಸುಮಾರು ೨೮ ಲಕ್ಷ ಸ್ತ್ರೀಯರು ಮೊದಲ ಯಾದಿಯಿಂದ ಹೊರಗುಳಿದರು. ನಮ್ಮ ಸೀಮೆಯ ಸಂಕೋಚವು ಬೇರೆ ಬಗೆಯದು. ಇಲ್ಲಿಯ ಗೃಹಿಣಿಯು ತನ್ನ ಹೆಸರನ್ನು ಹೇಳಿಯಾಳು, ಗಂಡನ ಹೆಸರನ್ನು ಹೇಳಳು. ಹೇಳಲೇಬೇಕಾದಾಗ ಒಡಪಿನಲ್ಲಿ ಸೇರಿಸಿ ಹೇಳುತ್ತಾಳೆ. ಯಾದಿಯ ನಮೂನೆಯಲ್ಲಾದರೋ ಗಂಡನ ಇಲ್ಲವೆ ತಂದೆಯ ಹೆಸರಿನ ಅಂಕಣವಿರುತ್ತದೆ. ಅಲ್ಲಿ ಒಡಪಿಗೆ ಸ್ಥಳವಿಲ್ಲ. ನೆರೆಮನೆಯವಳೋ ಅತ್ತೆಯೋ ಮಕ್ಕಳೋ ಪಕ್ಕದಲ್ಲಿ ನಿಂತು ಹೇಳಬೇಕು. ಸರಕಾರದ ಕಾರಕೂನನೊಬ್ಬನಿಂದ ಮಾತ್ರ ಯಾದಿಯು ಪೂರ್ಣವಾಗದು, ಊರಿನ ಪರಿಚಯವುಳ್ಳವರ ಸಹಾಯವು ಬೇಕೇ ಬೇಕು ಎಂಬುದಕ್ಕೆ ಇಷ್ಟು ಸಾಕು.

ಈ ಎಲ್ಲ ತೊಡಕುಗಳ ನಡುವೆ ೧೭ ಕೋಟಿಗೂ ಮಿಕ್ಕಿದ ಹೆಸರುಗಳ ಯಾದಿಯು ಸಿದ್ಧವಾಯಿತು. ೧೯೫೧–೫೨ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆಯನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದುವು. ಓದುಬರಹ ಬಾರದವನೂ ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕಬಹುದಾಗಿತ್ತು. ಜಮಖಂಡಿಯಿಂದ ಜತ್ತಿಯವರು ಮುಂಬಯಿಯ ವಿಧಾನಸಭೆಗೆ ಆರಿಸಿಬಂದರು. ೧೯೫೬ರ ನವೆಂಬರ್ ೧ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯೂ ಅದಕ್ಕೆ ಇಪ್ಪತ್ತು ವರ್ಷಗಳ ಮೇಲೆ ರಬಕವಿ–ಬನಹಟ್ಟಿ ತಾಲೂಕೂ ರಚಿತವಾದವು. ೨೦೦೮ರಿಂದ ತೇರದಾಳವು ಬೇರೆಯೇ ವಿಧಾನಸಭಾ ಕ್ಷೇತ್ರವಾಗಿದೆ.

೪. ಪಕ್ಷವಿಲ್ಲದ ಸೇವಕನ ಕಲ್ಪನೆ

ಮತದಾರನ ಸೇವೆಯನ್ನು ಪಕ್ಷದ ಕೆಲಸದಿಂದ ಬೇರ್ಪಡಿಸಿ ನೋಡಿದವರಲ್ಲಿ ಗಾಂಧೀಜಿಯವರು ಮೊದಲಿಗರು. ೧೯೪೮ರ ಜನವರಿ ೨೯ರಂದು, ಎಂದರೆ ತಮ್ಮ ಮರಣದ ಹಿಂದಿನ ದಿನ, ಕಾಂಗ್ರೆಸ್ಸನ್ನು ವಿಸರ್ಜಿಸಿ ಲೋಕಸೇವಕ ಸಂಘವನ್ನಾಗಿ ಮಾರ್ಪಡಿಸುವ ಒಂದು ಕರಡನ್ನು ಅವರು ಬರೆದರು. ಅದರಲ್ಲಿ ಗ್ರಾಮಸೇವಕನ ಕರ್ತವ್ಯಗಳನ್ನು ಎಣಿಸುವಾಗ, ನೂಲುವುದು, ನೈರ್ಮಲ್ಯ, ಶಿಕ್ಷಣಗಳ ಜೊತೆಗೆ, ಮತದಾರರ ಯಾದಿಯಲ್ಲಿ ಹೆಸರು ಬಿಟ್ಟುಹೋದವರನ್ನು ಸೇರಿಸುವುದು ಹಾಗೂ ಮತಕ್ಕೆ ಬೇಕಾದ ಅರ್ಹತೆಯಿಲ್ಲದವರು ಅದನ್ನು ಗಳಿಸುವಂತೆ ಪ್ರೋತ್ಸಾಹಿಸುವುದು ಎಂಬ ಎರಡು ಕರ್ತವ್ಯಗಳನ್ನೂ ಹೇಳಿದ್ದಾರೆ. ಕಾಂಗ್ರೆಸ್ಸು ಆ ಕರಡನ್ನು ಕೈಕೊಳ್ಳಲಿಲ್ಲ. ಆದರೂ ಮತ ಕೇಳದವನೇ ಮತದಾರನ ಹೆಸರನ್ನು ಕಾಯಲು ತಕ್ಕವನು ಎಂಬ ಅದರೊಳಗಿನ ತಿಳಿವಳಿಕೆಯು ಇಂದಿಗೂ ಹಳೆಯದಾಗಿಲ್ಲ.

ಮುಂದೆ ಜಯಪ್ರಕಾಶ ನಾರಾಯಣರು ೧೯೭೪ರಲ್ಲಿ ‘ಸಿಟಿಜನ್ಸ್ ಫಾರ್ ಡೆಮಾಕ್ರಸಿ’ ಎಂಬ ಪಕ್ಷಾತೀತ ಸಂಸ್ಥೆಯನ್ನು ಸ್ಥಾಪಿಸಿದರು. ೧೯೯೯ರಲ್ಲಿ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಸೇರಿ ಕಟ್ಟಿದ ‘ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್’ ಸಂಸ್ಥೆಯು ನ್ಯಾಯಾಲಯದ ಮೆಟ್ಟಿಲೇರಿದುದರ ಫಲವಾಗಿ, ೨೦೦೨ರ ಮೇ ೨ರಂದು ಸರ್ವೋಚ್ಚ ನ್ಯಾಯಾಲಯವು ಅಭ್ಯರ್ಥಿಯ ಆಸ್ತಿ, ಶಿಕ್ಷಣ, ಕ್ರಿಮಿನಲ್ ಮೊಕದ್ದಮೆಗಳ ವಿವರವನ್ನು ತಿಳಿಯುವುದು ಮತದಾರನ ಹಕ್ಕೆಂದು ತೀರ್ಪಿತ್ತಿತು. ಇಂದು ಪ್ರತಿಯೊಬ್ಬ ಅಭ್ಯರ್ಥಿಯೂ ಸಲ್ಲಿಸುವ ಪ್ರಮಾಣಪತ್ರದ ಮೂಲವು ಇದೇ. ಇಂಥವರಿಗೆ ಮತ ಹಾಕಿರೆಂದು ಹೇಳದೆ, ಎಲ್ಲ ಅಭ್ಯರ್ಥಿಗಳ ವಿವರವನ್ನೂ ಒಂದೇ ಅಳತೆಯಿಂದ ಮತದಾರನ ಮುಂದಿಡುವುದು ಪಕ್ಷಾತೀತ ಸೇವೆಯ ಎರಡನೆಯ ಅಂಗವಾಯಿತು.

೫. ಚಿಕ್ಕಪಡಸಲಗಿಯ ಪಾಠ

ಈ ಸೀಮೆಯಲ್ಲಿ ಜನರೇ ಕಟ್ಟಿದ ಸಂಘಟನೆಗೆ ಹೆಸರಾದುದು ಚಿಕ್ಕಪಡಸಲಗಿಯ ಬ್ಯಾರೇಜು. ಸರಕಾರದ ದಾರಿಯನ್ನು ಕಾಯದೆ, ಕೃಷ್ಣಾತೀರದ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, ೧೯೮೯ರಲ್ಲಿ ಜಮಖಂಡಿ ತಾಲೂಕಿನಲ್ಲಿ ನದಿಗೆ ಅಡ್ಡಲಾಗಿ ಅದನ್ನು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂಬ ಅದರ ಹೆಸರೇ ಅದರ ಕಥೆಯನ್ನು ಹೇಳುತ್ತದೆ. ನೀರಿನ ಹಂಚಿಕೆಯಂಥ ಕಠಿಣ ಪ್ರಶ್ನೆಯಲ್ಲಿಯೂ ಬೇರೆ ಬೇರೆ ಪಕ್ಷ, ಜಾತಿಗಳ ರೈತರು ಒಂದು ಗುರಿಗಾಗಿ ಕೂಡಬಲ್ಲರೆಂಬುದನ್ನು ಅದು ತೋರಿಸಿತು.

ಎರಡು ವರ್ಷಗಳಲ್ಲಿಯೇ ಆ ಕಾರ್ಯದ ಮುಂದಾಳು ಸಿದ್ದು ನ್ಯಾಮಗೌಡರು ೧೯೯೧ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷದಿಂದ ಬಾಗಲಕೋಟೆ ಕ್ಷೇತ್ರದಲ್ಲಿ ನಿಂತು, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದೇಶದ ಗಮನವನ್ನು ಸೆಳೆದರು. ಸಾರ್ವಜನಿಕ ಕಾರ್ಯದಿಂದ ಶಾಸನಸಭೆಗೆ ಹೋಗುವುದು ದೋಷವಲ್ಲ. ಪ್ರಜಾಪ್ರಭುತ್ವಕ್ಕೆ ಅದು ಬೇಕಾದುದೇ. ಇತಿಹಾಸಕಾರನು ಗಮನಿಸಬೇಕಾದುದು ಬೇರೆ ಅಂಶವನ್ನು. ಬ್ಯಾರೇಜು ಕಟ್ಟುವ ಸಂಘಟನೆಯ ನಾಯಕನು ಅಭ್ಯರ್ಥಿಯಾದರೂ ಬ್ಯಾರೇಜು ನಿಂತೇ ಇರುತ್ತದೆ, ನೀರನ್ನು ಕೊಡುತ್ತಲೇ ಇರುತ್ತದೆ. ಮತದಾರರನ್ನು ಎಚ್ಚರಿಸುವ ಸಂಘಟನೆಯ ನಾಯಕನು ಅಭ್ಯರ್ಥಿಯಾದರೆ ಮಾತ್ರ, ಅದು ಅದುವರೆಗೆ ಮಾಡಿದ ಕೆಲಸವೆಲ್ಲವೂ ಪ್ರಚಾರವೆಂದು ಹಿಂದಿನಿಂದ ಎಣಿಸಲ್ಪಡುತ್ತದೆ. ಅದರ ಆಸ್ತಿಯೆಂದರೆ ಜನರ ನಂಬಿಕೆಯೊಂದೇ. ಆದಕಾರಣ ಇಂಥ ಸಂಘಟನೆಯು ತನ್ನ ಪದಾಧಿಕಾರಿಗಳು ಚುನಾವಣೆಗೆ ನಿಲ್ಲುವುದಾದರೆ ಮುಂಚಿತವಾಗಿಯೇ ಸ್ಥಾನವನ್ನು ಬಿಡಬೇಕೆಂಬ ನಿಯಮವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ಲೇಸು.

೬. ಇಂದಿನ ಕೆಲಸ

ಮತದಾನದ ಪ್ರಮಾಣವನ್ನು ಮಾತ್ರ ನೋಡಿದರೆ ನಮ್ಮ ರಾಜ್ಯದ ಸ್ಥಿತಿಯು ಕಳವಳಕಾರಿಯಲ್ಲ. ವಿಧಾನಸಭಾ ಚುನಾವಣೆಗಳಲ್ಲಿ ೨೦೦೮ರಲ್ಲಿ ಶೇಕಡಾ ೬೫ರಷ್ಟಿದ್ದುದು ೨೦೧೩ರಲ್ಲಿ ಸುಮಾರು ೭೧, ೨೦೧೮ರಲ್ಲಿ ಸುಮಾರು ೭೨, ೨೦೨೩ರಲ್ಲಿ ಸುಮಾರು ೭೩ ಆಯಿತು. ಬೆಂಗಳೂರಿನಂಥ ಮಹಾನಗರದಲ್ಲಿ ಅದು ೫೫ರ ಸುತ್ತಮುತ್ತಲೇ ನಿಂತಿದೆ. ಸುಶಿಕ್ಷಿತರ ಊರೇ ಹಿಂದುಳಿದಿರುವುದರಿಂದ, ಹಳ್ಳಿಯವರಿಗೆ ಮತದ ಮಹತ್ತ್ವವನ್ನು ಬೋಧಿಸಬೇಕೆಂಬ ಪಟ್ಟಣಿಗರ ಅಭಿಪ್ರಾಯಕ್ಕೆ ಆಧಾರವಿಲ್ಲ. ಹಳ್ಳಿಯವನಿಗೆ ಉಪದೇಶಕ್ಕಿಂತ ನೆರವು ಹೆಚ್ಚು ಬೇಕಾಗಿದೆ. ಎಲ್ಲಿ ನೆರವು ಬೇಕೆಂಬುದನ್ನು ಈ ಸೀಮೆಯ ಜೀವನಕ್ರಮವೇ ತೋರಿಸಿಕೊಡುತ್ತದೆ.

ಮೊದಲನೆಯದು, ಮುಳುಗಡೆಯ ಸಂತ್ರಸ್ತರು. ೧೯೬೪ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಬೀಳಗಿ, ಬಾಗಲಕೋಟೆ, ಜಮಖಂಡಿ ಭಾಗದ ಊರುಗಳನ್ನು ತಲುಪಿತು. ಊರಿಗೆ ಊರೇ ಪುನರ್ವಸತಿ ಕೇಂದ್ರಕ್ಕೆ ಹೋದಾಗ ಮನೆಯ ಸಂಖ್ಯೆ, ಓಣಿ, ಮತಗಟ್ಟೆಗಳೆಲ್ಲ ಬದಲಾಗುತ್ತವೆ. ಪರಿಹಾರದ ಕಾಗದಪತ್ರಗಳ ಹಿಂದೆ ಅಲೆಯುವವನಿಗೆ ಯಾದಿಯ ನೆನಪು ಕೊನೆಗೆ ಬರುತ್ತದೆ. ಊರನ್ನು ಕಳೆದುಕೊಂಡವನು ಮತವನ್ನೂ ಕಳೆದುಕೊಳ್ಳದಂತೆ ನೋಡಬೇಕಾದುದು ನೆರೆಹೊರೆಯವರ ಹೊಣೆ.

ಎರಡನೆಯದು, ನೇಕಾರರು. ರಬಕವಿ–ಬನಹಟ್ಟಿಯ ಮಗ್ಗದ ಕೂಲಿಯು ನೇಯ್ದಷ್ಟಕ್ಕೆ ದೊರೆಯುತ್ತದೆ. ೧೯೫೧ರ ಜನತಾ ಪ್ರಾತಿನಿಧ್ಯ ಕಾಯಿದೆಯ ೧೩೫ಬಿ ಕಲಮು ಮತದಾನದ ದಿನ ಕೆಲಸಗಾರನಿಗೆ ಕೂಲಿ ಕಡಿತವಿಲ್ಲದ ರಜೆಯನ್ನು ಕೊಡಬೇಕೆನ್ನುತ್ತದೆ. ದಿನಗೂಲಿಯವನೂ ಅದರಲ್ಲಿ ಸೇರಿದ್ದಾನೆ. ಮನೆಯಲ್ಲಿಯೇ ಮಗ್ಗವನ್ನಿಟ್ಟುಕೊಂಡು ಬೇರೆಯವರ ನೂಲನ್ನು ನೇಯುವವನಿಗೆ ರಜೆಯನ್ನು ಕೊಡುವವರಾರು? ಮಗ್ಗ ನಿಂತಷ್ಟು ಹೊತ್ತು ಕೂಲಿಯೂ ನಿಂತಂತೆಯೇ. ಇಲ್ಲಿ ಊರ ಸಂಘವು ಮಗ್ಗದ ಮಾಲಕರನ್ನೂ ನೇಕಾರರನ್ನೂ ಕೂಡಿಸಿ ಓಣಿಗೊಂದು ವೇಳೆಯನ್ನು ಗೊತ್ತುಪಡಿಸಬಹುದು. ಕಾಯಿದೆಗೆ ಎಟುಕದುದು ಹೊಂದಾಣಿಕೆಗೆ ಎಟುಕುತ್ತದೆ.

ಮೂರನೆಯದು, ಮದುವೆಯಾಗಿ ಬಂದ ಹೆಣ್ಣುಮಕ್ಕಳು. ತವರಿನ ಯಾದಿಯಲ್ಲಿ ಹೆಸರು ಉಳಿದಿರುತ್ತದೆ, ಗಂಡನ ಮನೆಯ ಯಾದಿಯಲ್ಲಿ ಇನ್ನೂ ಬಂದಿರುವುದಿಲ್ಲ. ಸ್ಥಳ ಬದಲಾವಣೆಗೆ ೮ನೆಯ ನಮೂನೆ, ಹೊಸ ಹೆಸರಿಗೆ ೬ನೆಯ ನಮೂನೆ ಎಂಬಿಷ್ಟು ತಿಳಿವಳಿಕೆಯನ್ನು ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಕೊಟ್ಟರೆ ಸಾಕು.

ನಾಲ್ಕನೆಯದು, ತರುಣರು. ಸಂವಿಧಾನದ ೬೧ನೆಯ ತಿದ್ದುಪಡಿಯಿಂದ ೧೯೮೯ರಲ್ಲಿ ಮತದ ವಯಸ್ಸು ೧೮ಕ್ಕೆ ಇಳಿದ ಮೇಲೆ ಕಾಲೇಜಿನ ತರಗತಿಯೇ ಹೊಸ ಮತದಾರರ ಸಭೆಯಾಗಿದೆ. ೨೦೨೨ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳನ್ನು ಅರ್ಹತಾ ದಿನಗಳೆಂದು ಗೊತ್ತುಮಾಡಿರುವುದರಿಂದ ಒಂದು ವರ್ಷ ಕಾಯುವ ಕಾರಣವೂ ಉಳಿದಿಲ್ಲ. ೨೦೧೮ರಲ್ಲಿ ಚುನಾವಣಾ ಆಯೋಗವು ಶಾಲೆ ಕಾಲೇಜುಗಳಲ್ಲಿ ಮತದಾರರ ಸಾಕ್ಷರತಾ ಸಂಘಗಳ ಯೋಜನೆಯನ್ನು ಆರಂಭಿಸಿದೆ. ಅಧ್ಯಾಪಕರು ಅದನ್ನು ಭಾಷಣ ಸ್ಪರ್ಧೆಗೂ ರಂಗೋಲಿಗೂ ಮೀಸಲಾಗಿರಿಸದೆ, ವಿದ್ಯಾರ್ಥಿಯು ತನ್ನ ಓಣಿಯ ಕರಡು ಯಾದಿಯನ್ನು ತಂದು ಓದಿ, ತೀರಿಕೊಂಡವರು, ಊರು ಬಿಟ್ಟವರು, ಬಿಟ್ಟುಹೋದವರು ಯಾರೆಂದು ಗುರುತಿಸುವ ಕಾರ್ಯಕ್ಕೆ ತಿರುಗಿಸಿದರೆ ಅದು ಇತಿಹಾಸದ ಪಾಠವೂ ಆದೀತು.

ಕರಡು ಯಾದಿಯನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದುವುದು ಈ ಎಲ್ಲ ಕೆಲಸಗಳಲ್ಲಿ ಅತ್ಯಂತ ಸರಳವಾದುದು, ಅತ್ಯಂತ ಫಲಕಾರಿಯಾದುದು. ತನ್ನ ಹೆಸರು ಬಾರದಿದ್ದರೆ ಕೇಳುವವನು ಅಲ್ಲಿಯೇ ಎದ್ದು ನಿಲ್ಲುತ್ತಾನೆ. ತೀರಿಕೊಂಡವನ ಹೆಸರು ಬಂದರೆ ಊರೇ ಹೇಳುತ್ತದೆ. ಯಾದಿಯ ಶುದ್ಧಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

೭. ಎಲ್ಲೆಗಳು

ಪಕ್ಷಾತೀತ ಸಂಘಟನೆಗೆ ಕೆಲವು ಎಲ್ಲೆಗಳಿವೆ. ಮತದಾರರನ್ನು ಅಭ್ಯರ್ಥಿಯ ವಾಹನದಲ್ಲಿ ಮತಗಟ್ಟೆಗೆ ಸಾಗಿಸುವುದು ಕಾಯಿದೆಯ ೧೨೩ನೆಯ ಕಲಮಿನ ಪ್ರಕಾರ ಭ್ರಷ್ಟಾಚಾರವೆನಿಸುತ್ತದೆ. ಆದುದರಿಂದ ಮುದುಕರಿಗೆ ನೆರವಾಗುವ ಉತ್ಸಾಹದಲ್ಲಿ ಅಭ್ಯರ್ಥಿಯ ಗಾಡಿಯನ್ನು ಹತ್ತಿಸತಕ್ಕದ್ದಲ್ಲ. ಕರ್ನಾಟಕದಲ್ಲಿ ೨೦೨೩ರ ಚುನಾವಣೆಯಲ್ಲಿ ೮೦ ವರ್ಷ ಮೀರಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅನುಕೂಲ ದೊರೆಯಿತು. ೨೦೨೪ರಲ್ಲಿ ಆ ವಯಸ್ಸನ್ನು ೮೫ಕ್ಕೆ ಏರಿಸಲಾಯಿತು. ಈ ಅನುಕೂಲವನ್ನು ಪಡೆಯಲು ಮುಂಚಿತವಾಗಿ ಅರ್ಜಿ ಸಲ್ಲಿಸಬೇಕೆಂಬುದನ್ನು ಮನೆಯವರಿಗೆ ತಿಳಿಸುವುದು ಗಾಡಿಗಿಂತ ದೊಡ್ಡ ಉಪಕಾರ. ಹಾಗೆಯೇ ಕಬ್ಬು ಕಡಿಯಲು ಹೊರ ಊರುಗಳಿಂದ ಬರುವ ತಂಡಗಳವರು ತಮ್ಮ ಊರಿನಲ್ಲಿಯೇ ವಾಸಿಗಳು. ಅವರನ್ನು ಇಲ್ಲಿಯ ಯಾದಿಗೆ ಸೇರಿಸುವುದು ನೆರವಾಗದು. ತಮ್ಮ ಊರಿಗೆ ಹೋಗಿ ಮತ ಹಾಕಿ ಬರಲು ಬಿಡುವು ದೊರಕಿಸುವುದೇ ನೆರವು.

ಇನ್ನೊಂದು ಎಲ್ಲೆ ಹಣದ್ದು. ಯಾವ ಪಕ್ಷದಿಂದಲೂ ಅಭ್ಯರ್ಥಿಯಿಂದಲೂ ಹಣ ಪಡೆಯದೆ, ಬಂದ ಹಣದ ಲೆಕ್ಕವನ್ನು ಊರ ಮುಂದೆ ಓದುವ ಸಂಘವು ಚಿಕ್ಕದಾಗಿದ್ದರೂ ಬಾಳುತ್ತದೆ. ಮತ ಹಾಕದವನನ್ನು ನಿಂದಿಸುವುದೂ ಹೆದರಿಸುವುದೂ ಅದರ ಕೆಲಸವಲ್ಲ; ಮತವು ಹಕ್ಕಾಗಿದೆ, ತೆರಿಗೆಯಲ್ಲ.

ಉಪಸಂಹಾರ

ಈ ಸೀಮೆಯ ಅಜ್ಜಂದಿರು ಪ್ರಜೆಗಳಾಗಿ ಹುಟ್ಟಿ ಮತದಾರರಾದರು. ಅವರ ಹೆಸರು ಯಾದಿಯಲ್ಲಿ ಬಂದುದು ತಾನಾಗಿಯೇ ಅಲ್ಲ. ಪರಿಷತ್ತುಗಳು ಕೇಳಿದವು, ಸಂವಿಧಾನ ಸಭೆಯು ಕೊಟ್ಟಿತು, ಮನೆಮನೆಗೆ ಹೋದ ಯಾರೋ ಒಬ್ಬನು ಬರೆದುಕೊಂಡನು. ಮೊದಲ ಎರಡು ಕೆಲಸಗಳು ಒಂದು ಸಲ ಆದರೆ ತೀರಿತು. ಮೂರನೆಯದು ಪ್ರತಿ ತಲೆಮಾರಿಗೂ, ಪ್ರತಿ ವರ್ಷವೂ ಹೊಸದಾಗಿ ಆಗತಕ್ಕದ್ದು. ಅದನ್ನು ಸರಕಾರಕ್ಕೇ ಬಿಟ್ಟರೆ ಅರ್ಧವಾಗುತ್ತದೆ, ಪಕ್ಷಗಳಿಗೆ ಬಿಟ್ಟರೆ ಅವರವರ ಕಡೆಯವರದಷ್ಟೇ ಆಗುತ್ತದೆ. ಉಳಿದವರ ಹೆಸರನ್ನು ಕಾಯಲು ಊರಿನವರೇ ಬೇಕು. ಜಮಖಂಡಿಯ, ಮುಧೋಳದ, ಬೀಳಗಿಯ, ರಬಕವಿ–ಬನಹಟ್ಟಿಯ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ಹಾಗೂ ಕಲಿಸುವ ನಾವು ಆ ಊರಿನವರಲ್ಲಿ ಸೇರಿದವರೇ ಆಗಿದ್ದೇವೆ.